ನಿಂಬೆಹಣ್ಣು ಎಂಬ ಸೋದರಮಾವ

ನಮ್ಮತ್ತೆಯ ಮುಂದೆ ಯಾರನ್ನು ಬೇಕಾದರೂ ಬೈಯಬಹುದು, ಅವರ ಮಗನನ್ನೂ ಸೇರಿಸಿ. ಹಾಲನ್ನು ಮಾತ್ರ ಏನೂ ಅನ್ನುವ ಹಾಗಿಲ್ಲ. ನಮ್ಮ ಕೊಟ್ಟಿಗೆಯ ಹಸುಗಳ ಹಾಲು ಅವರ ಪಾಲಿಗೆ ಊಟವೂ ಹೌದು, ಔಷಧಿಯೂ ಹೌದು, ಮನೆಯ ಮರ್ಯಾದೆಯೂ ಹೌದು. ನೆಗಡಿಯಾದರೆ ಅರಿಶಿನ ಹಾಕಿದ ಹಾಲು, ನಿದ್ದೆ ಬರದಿದ್ದರೆ ಗಸಗಸೆ ಹಾಕಿದ ಹಾಲು, ಬೀಗರು ಬಂದರೆ ಕಾಲು ತೊಳೆದ ಕೂಡಲೇ ಒಂದೊಂದು ಲೋಟ ಹಾಲು. ನಾನು ತಿಪಟೂರು ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಕಂದಿಕೆರೆ ಹತ್ತಿರದ ಈ ತೋಟದ ಮನೆಗೆ ಸೊಸೆಯಾಗಿ ಬಂದ ಮೊದಲ ಬೆಳಿಗ್ಗೆ, ಟೀ ಎಲ್ಲಿ ಸಿಗುತ್ತದೆ ಎಂದು ಅಡುಗೆಮನೆಯಲ್ಲಿ ಕಣ್ಣಾಡಿಸುತ್ತಿದ್ದಾಗ ಅವರು ನನ್ನ ಕೈಗಿಟ್ಟಿದ್ದೂ ಹಾಲೇ. ನನಗೆ ಕೆನೆ ಕಂಡರಾಗುವುದಿಲ್ಲ. ಅವರ ಎದುರಿಗೆ ಕಣ್ಣು ಮುಚ್ಚಿ ಕುಡಿದು, ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದೆ. ನಮ್ಮಿಬ್ಬರ ಜಗಳಕ್ಕೆ ಅವತ್ತೇ ಮುಹೂರ್ತ.

ಒಂದು ವಿಷಯದಲ್ಲಿ ಮಾತ್ರ ನಾನು ಗೆದ್ದಿದ್ದೆ. ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ಅತ್ತೆಗೆ ಟೀ ರುಚಿ ಹತ್ತಿಸಿದ್ದೆ. ಮೊದಮೊದಲು "ಪೇಟೆಯವರ ಕಷಾಯ" ಎಂದು ಮೂಗು ಮುರಿಯುತ್ತಿದ್ದವರು, ಆಮೇಲಾಮೇಲೆ ನಾನು ಒಲೆ ಹಚ್ಚುವುದು ಹತ್ತು ನಿಮಿಷ ತಡವಾದರೆ ಪಾತ್ರೆ ಸದ್ದು ಮಾಡತೊಡಗಿದರು. ಹಾಗೆ ನಮ್ಮ ಮನೆಯಲ್ಲಿ ಅವರ ಹಾಲೂ ನನ್ನ ಟೀಯೂ ಜೊತೆಗೇ ನಡೆದುಕೊಂಡು ಬಂದವು.

ಅತ್ತೆಗೆ ಹಾಲಿಗಿಂತ ದೊಡ್ಡ ಹೆಮ್ಮೆ ಇನ್ನೊಂದಿತ್ತು. ಸೋಬಾನೆ ಪದ. ಸುತ್ತಮುತ್ತಲ ಹಳ್ಳಿಗಳಲ್ಲಿ ಯಾರ ಮನೆ ಮದುವೆಯಾದರೂ ಮೊದಲು ಪುರೋಹಿತರಿಗೆ, ಆಮೇಲೆ ಅಡುಗೆಯವರಿಗೆ, ಅದರ ಹಿಂದೆಯೇ ನಮ್ಮತ್ತೆಗೆ ಹೇಳಿಕೆ ಬರುತ್ತಿತ್ತು. ಅದರಲ್ಲೂ ಹುಡುಗಿಯನ್ನು ಹಸೆಮಣೆಗೆ ಕರೆಯುವ ಪದ ಅವರದೇ. ಸೋದರಮಾವ ಹುಡುಗಿಯ ಕೈ ಹಿಡಿದು ಕರೆತರುವಾಗ, ಬಾಗಿಲಿನಿಂದ ಮಣೆಯವರೆಗೆ ಆ ಪದ ತುಂಡಾಗಬಾರದು. ಅತ್ತೆ ಮುಂದೆ ಒಂದೊಂದೇ ಸೊಲ್ಲು ಎತ್ತಿಕೊಡಬೇಕು, ಉಳಿದ ಹೆಂಗಸರು ಅದನ್ನೇ ಹಿಂದೆ ಹೇಳಬೇಕು. ಉದ್ದನೆಯ ಪದ ಅದು, ಎದೆಯಲ್ಲಿ ಗಾಳಿ ಬೇಕು.

ಹೋದ ಕಾರ್ತೀಕದಲ್ಲಿ ಪಕ್ಕದ ಊರಿನ ಒಂದು ಮದುವೆಯಲ್ಲಿ ಆ ಪದ ತುಂಡಾಯಿತು. ಹುಡುಗಿ ಇನ್ನೂ ಅರ್ಧ ದಾರಿಯಲ್ಲಿದ್ದಳು. ಅತ್ತೆ ಒಂದು ಸೊಲ್ಲು ಎತ್ತಿದವರು, ನಡುವೆಯೇ ಉಸಿರು ಕಟ್ಟಿ, ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟರು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಸಟಕ್ಕನೆ ಎತ್ತಿಕೊಂಡು ಮುಗಿಸಿದಳು. ಊಟಕ್ಕೆ ಕೂತಾಗ ಅತ್ತೆ ಹೋಳಿಗೆಯನ್ನು ಎಲೆಯಂಚಿಗೆ ಸರಿಸಿದರು. ಮನೆಗೆ ಬಂದು ಜಗಲಿ ಮೇಲೆ ಕೂತವರು, "ನನ್ ಪದ ಮುಗೀತು ಕಣೇ," ಅಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ. ಅಯ್ಯೋ ಪಾಪ ಅನ್ನುವುದರ ಬದಲು, "ಮುಗಿಯಕ್ಕೆ ನಾನು ಬಿಡ್ತೀನಾ? ನಿಮ್ಮ ಮೊಮ್ಮಗಳನ್ನ ಹಸೆಗೆ ಕರೆಯೋರು ಯಾರು?" ಎಂದು ಗದರಿದೆ. ನನ್ನ ಮಗಳಿಗೆ ತುರುವೇಕೆರೆ ಕಡೆಯ ಹುಡುಗ ಗೊತ್ತಾಗಿ, ವೈಶಾಖದಲ್ಲಿ ಮದುವೆ ಎಂದು ಮಾತಾಗಿತ್ತು. ಅವಳು ಅಜ್ಜಿಯ ಮಡಿಲಲ್ಲೇ ಬೆಳೆದವಳು. ಹುಡುಗ ಒಪ್ಪಿಗೆಯಾದ ದಿನವೇ ಅವಳು ಹಾಕಿದ ಷರತ್ತು ಒಂದೇ: "ಅಜ್ಜಿ ಪದ ಹೇಳಿದ್ರೇನೇ ನಾನು ಬಾಗಿಲು ದಾಟೋದು. ಸ್ಪೀಕರ್‌ನಲ್ಲಿ ಯಾವ ಹಾಡು ಹಾಕಿದ್ರೂ ನಾನು ಅಲ್ಲೇ ನಿಂತಿರ್ತೀನಿ." ಅವಳ ಹಟ ಯಾರ ಹಟ ಅಂತ ನಾನು ಹೇಳಬೇಕಾಗಿಲ್ಲ.

ಅತ್ತೆಯನ್ನು ತಿಪಟೂರಿಗೆ ಕರೆದುಕೊಂಡು ಹೋದೆ. ಅಲ್ಲಿನ ಲೇಡಿ ಡಾಕ್ಟರು ನನಗೆ ಮೊದಲಿಂದ ಗೊತ್ತು. ಎದೆಗೆ ಕೊಳವೆಯಿಟ್ಟು ನೋಡಿದರು, ರಕ್ತ ತೆಗೆಸಿದರು, ಬೇರೆ ಬೇರೆ ಪರೀಕ್ಷೆ ಮಾಡಿಸಿದರು. "ಎದೆ ಗಟ್ಟಿಯಾಗೇ ಇದೆ. ಇವರಿಗೆ ರಕ್ತ ಕಡಿಮೆ, ಅದಕ್ಕೇ ಸುಸ್ತು, ಅದಕ್ಕೇ ಉಸಿರು ಸಾಲ್ತಿಲ್ಲ," ಎಂದು ಹೇಳಿ, ರಕ್ತಕ್ಕೆ ಕೆಂಪು ಮಾತ್ರೆ, ಮಂಡಿನೋವಿಗೆಂದು ಸುಣ್ಣದ ಅಂಶದ ಬಿಳಿ ಮಾತ್ರೆ ಬರೆದುಕೊಟ್ಟರು. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಬರಬೇಕು ಎಂದರು. ಅತ್ತೆ ಎರಡು ಬಗೆಯ ಮಾತ್ರೆಯನ್ನೂ ಎಲೆಅಡಿಕೆ ಚೀಲಕ್ಕೆ ಸೇರಿಸಿಕೊಂಡು ಸೆರಗು ಬಿಗಿದರು.

ಔಷಧಿ ತೆಗೆದುಕೊಳ್ಳುವುದರಲ್ಲಿ ಅವರಷ್ಟು ಶಿಸ್ತಿನವರು ಇನ್ನೊಬ್ಬರಿಲ್ಲ. ಬೆಳಿಗ್ಗೆ ರಾಗಿ ರೊಟ್ಟಿ ತಿಂದು, ಅಂಗೈಯಲ್ಲಿ ಕೆಂಪು, ಬಿಳಿ ಎರಡನ್ನೂ ಇಟ್ಟುಕೊಂಡು, ಪೂರ್ವಕ್ಕೆ ತಿರುಗಿ ಕೈ ಮುಗಿದು, ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುವರು. ಮೇಲೆ ಒಂದು ದೊಡ್ಡ ಲೋಟ ಹಾಲು. ನಮ್ಮ ಕಡೆ ಇದು ಎಲ್ಲರ ಮನೆಯ ಪದ್ಧತಿ. ಮಾತ್ರೆ ಅಂದರೆ ಉಷ್ಣ, ಉಷ್ಣಕ್ಕೆ ಹಾಲು ತಂಪು, ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೆಂಪು ಮಾತ್ರೆ ಶುರುವಾದ ಮೇಲೆ ಹಿತ್ತಲ ಕಡೆ ಹೋದಾಗ ಕಪ್ಪಗೆ ಹೋಗುತ್ತದಲ್ಲ, ಅದನ್ನು ಕಂಡು ಉಷ್ಣ ಬಹಳ ಜಾಸ್ತಿಯಾಗಿದೆ ಎಂದುಕೊಂಡು ಅತ್ತೆ ಲೋಟ ಬಿಟ್ಟು ಚೊಂಬಿಗೆ ಬಂದರು. ಹಾಲು ಕುಡಿದ ಬಾಯಿ ಜಿಡ್ಡು ಅನ್ನಿಸುವುದಕ್ಕೆ ನನ್ನ ಟೀ ಇದ್ದೇ ಇತ್ತು. ಸ್ಟ್ರಾಂಗಾಗಿ ಕಾಯಿಸಿ ನಾನೇ ಕೈಗೆ ಕೊಡುತ್ತಿದ್ದೆ. ಇಬ್ಬರೂ ಎಷ್ಟು ಭಕ್ತಿಯಿಂದ ಮಾಡುತ್ತಿದ್ದೆವು ಎಂದರೆ, ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿದ ಮೇಲೆ ಮತ್ತೆ ತಿಪಟೂರಿಗೆ ಹೋದೆವು. ಡಾಕ್ಟರು ರಿಪೋರ್ಟ್ ನೋಡಿದರು, ಹಳೆಯದನ್ನು ತೆಗೆದು ಪಕ್ಕಕ್ಕಿಟ್ಟು ಇನ್ನೊಮ್ಮೆ ನೋಡಿದರು. ರಕ್ತ ಇದ್ದಲ್ಲೇ ಇತ್ತು. "ಅಜ್ಜಿ, ಮಾತ್ರೆ ನುಂಗ್ತಿದೀರೋ ಇಲ್ಲಾ ತಿಪ್ಪೆಗೆ ಹಾಕ್ತಿದೀರೋ?" ಎಂದು ಕೇಳಿದರು.

ಅತ್ತೆಗೆ ಕೆಂಡದಂಥ ಸಿಟ್ಟು ಬಂತು. "ನಾನ್ಯಾಕೆ ಎಸೀಲವ್ವ? ನನ್ ಮೊಮ್ಮಗಳ ಮದುವೆ ಐತೆ. ಒಂದು ದಿನ ಬುಟ್ಟಿದ್ರೆ ಕೇಳು. ಬೇಕಾದ್ರೆ ನನ್ ಸೊಸೇನ ಕೇಳು, ಅವ್ಳು ನನ್ ಪರ ಮಾತಾಡೋಳಲ್ಲ."

"ಬೇಜಾರು ಮಾಡ್ಕೋಬೇಡಿ. ಹೆಂಗೆ ತಗೋತೀರಿ, ಸ್ವಲ್ಪ ಮಾಡಿ ತೋರಿಸಿ."

ಅತ್ತೆ ಕುರ್ಚಿಯಲ್ಲೇ ಪೂರ್ವ ಯಾವ ಕಡೆ ಎಂದು ನೋಡಿಕೊಂಡು ತಿರುಗಿ ಕೂತರು. ಖಾಲಿ ಅಂಗೈಗೆ ಕೈ ಮುಗಿದರು. ಬಾಯಿಗೆ ಹಾಕಿಕೊಂಡರು. ಚೊಂಬು ಎತ್ತಿದ ಹಾಗೆ ಎರಡೂ ಕೈ ಎತ್ತಿ, ಗಟಗಟ ಹಾಲು ಕುಡಿದರು. "ಇಷ್ಟಾದ ಮೇಲೆ ಟೀ," ಎಂದು ನಾನು ಪಕ್ಕದಿಂದ ಸೇರಿಸಿದೆ.

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ಗೇಲಿ ಮಾಡುವ ನಗುವಲ್ಲ, ಕಳೆದುಹೋದ ಬೀಗದ ಕೈ ಸಿಕ್ಕವರ ನಗು. "ಅಜ್ಜಿ, ನಾನೇ ಮೊದಲು ಬಿಡಿಸಿ ಹೇಳ್ಬೇಕಿತ್ತು. ಕೆಂಪು ಮಾತ್ರೇಲಿರೋದು ಕಬ್ಬಿಣದ ಅಂಶ. ಬಿಳಿ ಮಾತ್ರೇಲಿ, ನಿಮ್ಮ ಹಾಲಲ್ಲಿ ಇರೋದು ಕ್ಯಾಲ್ಸಿಯಂ. ಎರಡೂ ಒಳ್ಳೇವೇ. ಆದ್ರೆ ಒಟ್ಟಿಗೆ ಕಳಿಸಿದ್ರೆ ಹೊಟ್ಟೆಯೊಳಗೆ ಕಬ್ಬಿಣಕ್ಕೆ ದಾರಿ ಸರಿಯಾಗಿ ಸಿಗಲ್ಲ. ಅದರ ಮೇಲೆ ಟೀ ಕುಡಿದ್ರೆ, ಉಳಿದಿದ್ದನ್ನ ಟೀ ಹಿಡ್ಕೊಂಡು ಕೂರುತ್ತೆ. ಅಷ್ಟೂ ಮಾತ್ರೆ ನುಂಗಿದೀರಿ, ಬಹುಪಾಲು ಬಂದ ಹಾಗೇ ಆಚೆ ಹೋಗಿದೆ. ಕಪ್ಪಗಾಗೋದು ಉಷ್ಣ ಅಲ್ಲ, ಅದಕ್ಕೆ ಹೆದರಬೇಡಿ."

ಅತ್ತೆ ನನ್ನ ಕಡೆ ನೋಡಿದರು. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದೆ. ಅವರ ಹಾಲಿಗೂ ನನ್ನ ಟೀಗೂ ಒಂದೇ ಏಟು ಬಿದ್ದಿತ್ತು.

"ಅಂಗಾರೆ ಯಾತರ ಜೊತೆ ನುಂಗಾನ?"

"ನಿಂಬೆಹಣ್ಣಿನ ನೀರು. ಇಲ್ಲಾ ಒಂದು ನೆಲ್ಲಿಕಾಯಿ, ಸೀಬೆಹಣ್ಣು. ಅವುಗಳಲ್ಲಿ ಸಿ ವಿಟಮಿನ್ ಇದೆ, ಅದು ಕಬ್ಬಿಣವನ್ನ ಒಳಗೆ ಕರ್ಕೊಂಡು ಹೋಗುತ್ತೆ. ಸೊಪ್ಪು, ಕಾಳು ತಿಂದಾಗಲೂ ಅಷ್ಟೇ. ನಿಂಬೆಹಣ್ಣನ್ನ ಒಲೆ ಮೇಲಿಂದ ಇಳಿಸಿದ ಮೇಲೆ ಹಿಂಡಿ, ಕುದಿಸಬೇಡಿ. ಬಿಳಿ ಮಾತ್ರೆ ರಾತ್ರಿ ಊಟಕ್ಕೆ. ಟೀ ಮಾತ್ರೆಯಿಂದ ಒಂದೆರಡು ಗಂಟೆ ದೂರ ಇರಲಿ."

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ತಿರುಗಿ ಕೂತರು. ಮಾತ್ರೆ ದಂಡವಾಯಿತು, ದಿನ ದಂಡವಾಯಿತು, ವೈಶಾಖ ಹತ್ತಿರ ಬಂತು ಎಂದು ನಾನೂ ಒಳಗೇ ಕುದಿಯುತ್ತಿದ್ದೆ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಕಂಡಕ್ಟರನ ಮೇಲೆ ರೇಗಿದೆ. ಚಿಕ್ಕನಾಯಕನಹಳ್ಳಿ ದಾಟಿ ಗುಡ್ಡಗಳು ಕಂಡಾಗ ಅತ್ತೆ ತಟ್ಟನೆ ನನ್ನ ಮೊಣಕೈ ಹಿಡಿದುಕೊಂಡರು.

"ಅಲ್ಲಾ ಕಣೇ, ಹುಡುಗಿ ತಾನಾಗೇ ನಡ್ಕೊಂಡು ಹಸೆಗೆ ಬತ್ತಾಳಾ?"

"ಇಲ್ಲ."

"ಯಾರು ಕರ್ಕೊಂಡು ಬರಬೇಕು?"

"ಸೋದರಮಾವ."

"ಹೂಂ. ಅಂಗೇ ಇದೂವೆ. ಕಬ್ಬಿಣ ಮದುಮಗಳು. ನಿಂಬೆಹಣ್ಣು ಸೋದರಮಾವ. ಅವ್ನು ಕೈ ಹಿಡ್ಕೊಂಡು ಕರ್ಕೊಂಡು ಬರೋ ಹೊತ್ನಲ್ಲಿ ನಾವು ಬೀಗರನ್ನೆಲ್ಲ ಬಾಗಿಲಿಗೇ ನಿಲ್ಲಿಸ್ಬುಟ್ಟಿದೀವಿ. ಹಾಲೂ ಬೀಗ್ರೇ, ಟೀನೂ ಬೀಗ್ರೇ. ಬಾಗಿಲು ತುಂಬ ಅವರೇ ನಿಂತ್ರೆ ಹುಡುಗಿ ಒಳಕ್ಕೆ ಎಂಗೆ ಬಂದಾಳು?"

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, ಯಾರ ಮದುವೆ ಅಜ್ಜಿ ಎಂದು ಕೇಳಿದಳು. "ನಮ್ದೇ ಕಣವ್ವ," ಎಂದು ಅತ್ತೆ ಗಂಭೀರವಾಗಿ ಉತ್ತರ ಕೊಟ್ಟರು. ನಾನು ನಕ್ಕು ನಕ್ಕು ಕಣ್ಣೊರೆಸಿಕೊಂಡೆ. ಮದುವೆಮನೆಯಲ್ಲಿ ಯಾರ ಪಕ್ಕ ಯಾರನ್ನು ಕೂರಿಸಬೇಕು, ಯಾರಿಗೆ ಯಾವ ಪಂಕ್ತಿ ಎಂಬುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅವತ್ತಿನಿಂದ ಆ ಜಾಣತನವೆಲ್ಲ ನಮ್ಮ ಅಡುಗೆಮನೆಗೆ ಇಳಿಯಿತು.

ಮರುದಿನ ನಸುಕಿಗೇ ಹಿತ್ತಲ ನಿಂಬೆಗಿಡದ ಬುಡದಲ್ಲಿ ಅವರಿದ್ದರು. ರೊಟ್ಟಿ, ಮಾತ್ರೆ, ನಿಂಬೆ ನೀರು. ಟೀ ಬೇಕಾದರೆ ಬಿಸಿಲು ಕೊಟ್ಟಿಗೆಯ ಮೆಟ್ಟಿಲಿಗೆ ಬಂದ ಮೇಲೆ. ಗುಡ್ಡದ ಕಡೆ ಕುರಿ ಹೊಡೆದುಕೊಂಡು ಹೋಗುವವರಿಗೆ ಹೇಳಿ ಬೆಟ್ಟದ ನೆಲ್ಲಿಕಾಯಿ ತರಿಸಿ, ಅರ್ಧವನ್ನು ಉಪ್ಪಿನಲ್ಲಿ ಹಾಕಿದರು, ಅರ್ಧ ಹಾಗೇ ತಿಂದು ಮೇಲೆ ನೀರು ಕುಡಿದು ಸಿಹಿ ಸಿಹಿ ಎಂದು ಬಾಯಿ ಚಪ್ಪರಿಸಿದರು. ಹುರುಳಿಕಾಳು ಮೊಳಕೆ ಕಟ್ಟಿತು, ರಾಗಿಯೂ ಮೊಳಕೆ ಕಟ್ಟಿ ಒಣಗಿ ಹಿಟ್ಟಾಯಿತು. ಮೊಳಕೆ ಬಂದರೆ ಕಾಳು ತನ್ನೊಳಗಿನ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳದೆ ಸಲೀಸಾಗಿ ಬಿಟ್ಟುಕೊಡುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಅದಕ್ಕೆ ಅತ್ತೆ, "ಜಿಪುಣನಿಗೆ ಸ್ನಾನ ಮಾಡಿಸಿ ಕೂರ್ಸಿದ್ರೆ ಗಂಟು ಬಿಚ್ತಾನೆ," ಎಂದು ಅರ್ಥ ಹೇಳಿದರು. ನುಗ್ಗೆಸೊಪ್ಪಿನ ಬಸ್ಸಾರು ಇಳಿಸಿದ ಕೂಡಲೇ, "ಸೋದರಮಾವನ್ನ ಕರಿ," ಎಂದು ಕೂಗುವರು. ನಾನು ನಿಂಬೆಹಣ್ಣು ಹೆಚ್ಚಿಕೊಂಡು ಓಡಿ ಬರಬೇಕು.

ಕಾಯಿಗೂ ಒಂದು ಸ್ಥಾನ ಸಿಕ್ಕಿತು. ತೆಂಗಿನ ಸೀಮೆಯವರಿಗೆ ಕಾಯಿ ಯಾಕೆ ಹಾಕುತ್ತೀರಿ ಎಂದು ಕೇಳಿದರೆ ಉತ್ತರ ಇರುವುದಿಲ್ಲ, ಉಸಿರು ಯಾಕೆ ಆಡುತ್ತೀರಿ ಎಂದ ಹಾಗೆ. ನಮ್ಮ ಯಜಮಾನರು ಅಟ್ಟದ ಮೇಲೆ ಕೂತು, ಒಂದೊಂದೇ ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ ಕೊಬ್ಬರಿಯಾಗಿದೆಯೇ ಎಂದು ನೋಡುತ್ತಿದ್ದವರು, ಅಲ್ಲಿಂದಲೇ, "ಅವ್ವಾ, ನಿನ್ ಮದುವೇಲಿ ನಮ್ ಕಾಯಿ ಯಾರು?" ಎಂದು ಕೇಳಿದರು. ಕುಂಬಳಕಾಯಿ, ಕ್ಯಾರೆಟ್, ಸೊಪ್ಪುಗಳಲ್ಲಿ ಕಣ್ಣಿಗೆ ಒಳ್ಳೆಯದಾದ ಅಂಶ ಒಂದಿದೆ, ಅದು ಮೈಗೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಜೊತೆಗಿರಬೇಕು, ಪಲ್ಯಕ್ಕೆ ತುರಿದ ಕಾಯಿ ಸಾಕು ಎಂದು ನಾನು ಓದಿದ್ದನ್ನು ಹೇಳಿದೆ. ಅತ್ತೆ ಕ್ಷಣವೂ ಯೋಚಿಸಲಿಲ್ಲ. "ಕಾಯಿ ಹೆತ್ತ ತಾಯಿ ಕಣ್ಲಾ. ಅವ್ಳು ಎಲ್ಲಾರ ಜೊತೇಲೂ ಇರ್ತಾಳೆ."

ಆ ದಿನಗಳಲ್ಲಿ ನಾನೂ ಸ್ವಲ್ಪ ಹಾರಾಡಿದೆ. ಹಾಲು ಸೋತಿತು ಎಂದು ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಇದೇ ಸಮಯ ಎಂದು ಅತ್ತೆಯ ಹಾಲನ್ನು ಪೂರ್ತಿ ನಿಲ್ಲಿಸಿಬಿಟ್ಟೆ. ರಾತ್ರಿಗೂ ಇಲ್ಲ, ಮಜ್ಜಿಗೆಯೂ ಇಲ್ಲ, ಎರಡು ಹೊತ್ತೂ ನಿಂಬೆಹಣ್ಣೇ. ಅತ್ತೆ ಹೊಟ್ಟೆಯುರಿ ಎಂದು ಕೂತರು, ಹಸುಗಳ ಕಡೆ ನೋಡಿ ನಿಟ್ಟುಸಿರು ಬಿಟ್ಟರು, ನನ್ನ ಮೇಲೆ ಹಸುಗಳಿಗೇ ದೂರು ಹೇಳಿದರು. ಶಿವರಾತ್ರಿ ಮುಗಿದ ಮೇಲೆ ಡಾಕ್ಟರ ಹತ್ತಿರ ಹೋದಾಗ ಬೈಗುಳ ತಿಂದವಳು ನಾನು.

"ಹಾಲು ಬಿಡಿಸಿ ಅಂತ ಯಾರು ಹೇಳಿದ್ರು ನಿಮಗೆ? ಈ ವಯಸ್ಸಲ್ಲಿ ಮೂಳೆಗೆ ಬೇಡ್ವಾ? ಹಾಲೂ ಬೇಕು, ಅದು ಮೂಳೆಗೆ ಸೇರೋಕೆ ಮೈ ಮೇಲೆ ಬಿಸಿಲೂ ಬೇಕು. ಒಂದನ್ನ ಹಿಡ್ಕೊಂಡು ಇನ್ನೊಂದನ್ನ ಬಿಟ್ಟರೆ ಆಗಲ್ಲ ಕಣ್ರೀ. ಎಲ್ಲಾ ಬೇಕು, ಅದರದರ ಹೊತ್ತಿಗೆ."

ಅತ್ತೆಯ ಮುಖ ಅರಳಿದ್ದನ್ನು ನೋಡಬೇಕಿತ್ತು. "ಅದೇ ಮತ್ತೆ," ಎಂದು ನನ್ನ ಕಡೆ ತಿರುಗಿದರು. "ಬೀಗರನ್ನ ಬಾಗಿಲಿಂದ ಒಸಿ ಸರ್ಕೊಳ್ಳಿ ಅನ್ನಬೇಕು. ಊಟಕ್ಕೇ ಬರಬ್ಯಾಡಿ ಅಂತಾರೇನೇ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಅರ್ಥ ಹೇಳುವ ಸ್ಥಿತಿಯಲ್ಲಿರಲಿಲ್ಲ. ಆದರೆ ಅವತ್ತಿನ ರಿಪೋರ್ಟ್ ನೋಡಿ ನಾನು ಬೈಗುಳವನ್ನೂ ಮರೆತೆ. ರಕ್ತ ಏರಿತ್ತು. ಇನ್ನೂ ಏರಬೇಕು, ಮಾತ್ರೆ ನಿಲ್ಲಿಸಬೇಡಿ, ಹೆಚ್ಚಿಗೆಯೂ ನುಂಗಬೇಡಿ ಎಂದರು ಡಾಕ್ಟರು. ಅವತ್ತು ರಾತ್ರಿ ಊಟದ ಜೊತೆ ಅತ್ತೆಗೆ ನಾನೇ ಹಾಲು ಕಾಯಿಸಿ ಕೊಟ್ಟೆ. ಅವರು ಕೆನೆ ಎತ್ತಿ ನನ್ನ ಕಡೆ ಚಾಚಿ, ನನ್ನ ಮುಖ ನೋಡಿ, ಖುಷಿಯಿಂದ ತಾವೇ ತಿಂದರು.

ಯುಗಾದಿ ಹೊತ್ತಿಗೆ ಅತ್ತೆ ಬೆಳಗಿನ ಬಿಸಿಲಿಗೆ ತೋಟದಲ್ಲಿ ನಡೆಯತೊಡಗಿದರು. ಪಂಪ್‌ಸೆಟ್ಟಿನ ಮನೆಯಿಂದ ನಮ್ಮ ಬಾಗಿಲವರೆಗೆ ಪದ ಹೇಳಿಕೊಂಡು ಬರುವುದು, ಎಲ್ಲಿ ಉಸಿರು ನಿಲ್ಲುತ್ತದೋ ಆ ತೆಂಗಿನಮರವನ್ನು ತಟ್ಟಿ ಗುರುತು ಮಾಡಿಕೊಳ್ಳುವುದು. ಮೊದಲು ಉಸಿರು ನಿಲ್ಲುತ್ತಿದ್ದ ಮರ ಪಂಪ್‌ಸೆಟ್ಟಿನ ಮಗ್ಗುಲಲ್ಲೇ ಇತ್ತು. ದಿನ ಕಳೆದ ಹಾಗೆ ಮರ ಮನೆಯ ಕಡೆ ಬಂತು. ಅಡುಗೆಮನೆ ಕಿಟಕಿಯಿಂದ ನಾನು ಕೇಳಿಸಿಕೊಳ್ಳುತ್ತಿದ್ದೆ. ಕಾರ್ತೀಕದಲ್ಲಿ ತುಂಡಾಗಿತ್ತಲ್ಲ, ಆ ಸೊಲ್ಲು ಬಂದಾಗ ನನ್ನ ಕೈಯಲ್ಲಿ ಏನಿದ್ದರೂ ನಿಂತುಹೋಗುತ್ತಿತ್ತು. ಅವರು ಅದನ್ನು ಎಷ್ಟೋ ದಿನ ದಾಟಲಿಲ್ಲ. ಒಂದು ದಿನ ದಾಟಿದರು, ಮರುದಿನ ಮತ್ತೆ ಅಲ್ಲೇ ನಿಂತರು. ಮದುವೆಯ ಹಿಂದಿನ ದಿನ ನನ್ನನ್ನು ಕರೆದು, "ನಿಂತ್ರೆ ನೀನು ಎತ್ಕೋ," ಎಂದರು.

"ನನಗೆ ಪದ ಬರಲ್ಲ."

"ಇಷ್ಟು ದಿನ ಕಿಟಕೀಲಿ ನಿಂತು ಏನ್ ಮಾಡ್ತಿದ್ದೆ ಮತ್ತೆ?" ಎಂದು ಕೇಳಿ ಹೋದರು. ನನಗೆ ಭಯವಾಯಿತು. ನನಗೋಸ್ಕರ ಅಲ್ಲ. ಇನ್ನೊಬ್ಬರು ಎತ್ತಿಕೊಂಡರೆ ಮತ್ತೆಂದೂ ಅವರು ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಚಿಕ್ಕನಾಯಕನಹಳ್ಳಿಯ ಕಲ್ಯಾಣ ಮಂಟಪದಲ್ಲಿ ಮದುವೆ. ಮುಹೂರ್ತ ಬೆಳಗ್ಗೆ. ಆ ಗಡಿಬಿಡಿಯಲ್ಲೂ ಅತ್ತೆ ಇಡ್ಲಿ ತಿಂದು, ಮಾತ್ರೆ ನುಂಗಿ, ನಿಂಬೆ ನೀರು ಕುಡಿದು, ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಿದ್ಧರಾಗಿದ್ದರು. ನನ್ನ ತಮ್ಮ, ಅಂದರೆ ಮಗಳ ಸೋದರಮಾವ, ಅವಳ ಕೈ ಹಿಡಿದು ಕೋಣೆಯ ಬಾಗಿಲಿಗೆ ಬಂದ. ಸ್ಪೀಕರ್‌ನಲ್ಲಿ ಯಾವುದೋ ಹಾಡು ಬರುತ್ತಿತ್ತು. ಮಗಳು ಹೊಸ್ತಿಲ ಒಳಗೇ ನಿಂತಳು. ಪುರೋಹಿತರು ಗಡಿಯಾರ ನೋಡಿಕೊಂಡರು, ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. "ಅಜ್ಜಿ," ಅಂದಳು ಮಗಳು. ಯಜಮಾನರು ಓಡಿ ಹೋಗಿ ಸ್ಪೀಕರ್ ನಿಲ್ಲಿಸಿದರು.

ಅತ್ತೆ ಎತ್ತಿದರು. ಮೊದಲ ಸೊಲ್ಲಿಗೇ ಮಂಟಪ ಸುಮ್ಮನಾಯಿತು. ಹಿಂದೆ ಹೆಂಗಸರು ಹೇಳಿದರು, ಮಗಳು ಹೊಸ್ತಿಲು ದಾಟಿದಳು. ಒಂದೊಂದು ಸೊಲ್ಲಿಗೂ ಒಂದೊಂದು ಹೆಜ್ಜೆ. ಅರ್ಧ ದಾರಿಯಲ್ಲಿ ಆ ಸೊಲ್ಲು ಬಂತು. ಅತ್ತೆ ನಿಂತರು. ನಾನೇ ಎತ್ತಿಕೊಳ್ಳಬೇಕೇನೋ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಮುಖ ನೋಡಿದೆ. ಅವರು ನಗುತ್ತಿದ್ದರು. ಮದುಮಗಳ ಕೈ ಹಿಡಿದು, ಹೊಸ ಪಂಚೆಯಲ್ಲಿ ಎಡವದಂತೆ ಬಲು ಎಚ್ಚರದಿಂದ ಹೆಜ್ಜೆಯಿಡುತ್ತಿದ್ದ ನನ್ನ ತಮ್ಮನನ್ನು ನೋಡಿ ಅವರಿಗೆ ನಗು ಬಂದಿತ್ತು. ಬೀಗರು ಬಾಗಿಲು ಬಿಟ್ಟು ಎರಡೂ ಕಡೆ ಸರಿದು ನಿಂತಿದ್ದರು. ನಗು ನುಂಗಿಕೊಂಡು, ಎದೆ ತುಂಬ ಉಸಿರೆಳೆದುಕೊಂಡು, ಆ ಸೊಲ್ಲನ್ನು ಎಷ್ಟು ಮೇಲಕ್ಕೆ ಎತ್ತಿದರು ಎಂದರೆ ಹಿಂದಿನ ಹೆಂಗಸರಿಗೆ ಹಿಡಿಯಲಾಗಲಿಲ್ಲ. ಮಗಳು ಮಣೆಯ ಮೇಲೆ ಕೂತ ಮೇಲೂ ಪದ ಇನ್ನೂ ಉಳಿದಿತ್ತು. ಅದನ್ನೂ ಬಿಡದೆ ಹೇಳಿ ಮುಗಿಸಿದರು. ನಾನು ಅತ್ತುಬಿಟ್ಟೆ.

ಧಾರೆ ಮುಗಿದು ಅಕ್ಷತೆ ಬಿದ್ದ ಮೇಲೆ ಅವರನ್ನು ಹುಡುಕಿಕೊಂಡು ಹೋದೆ. ಕಂಬಕ್ಕೆ ಒರಗಿ, ಕಾಲು ಚಾಚಿ, ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು.

"ಒಂದ್ ಲೋಟ ಟೀ ತತ್ತಾ," ಅಂದರು.

"ಮಾತ್ರೆ ನುಂಗಿ ಎಷ್ಟೊತ್ತಾಯ್ತು ಅತ್ತೆ?" ಬಾಯಿತಪ್ಪಿ ಕೇಳಿದ್ದಲ್ಲ, ಅಭ್ಯಾಸವಾಗಿಬಿಟ್ಟಿತ್ತು.

"ಹುಡುಗಿ ಆಗ್ಲೇ ಹಸೆ ಮೇಲೆ ಕೂತಾಯ್ತು ಕಣೇ. ಇನ್ನು ಬೀಗರನ್ನ ಒಳಕ್ಕೆ ಬುಡು."

ಅಡುಗೆಯವರ ಹತ್ತಿರ ಹೋಗಿ, ನಾನೇ ನಿಂತು, ಹಾಲು ಜಾಸ್ತಿ ಹಾಕಿಸಿ ಟೀ ಕಾಯಿಸಿದೆ. ಕೆನೆ ಕಟ್ಟಿತ್ತು, ತೆಗೆಯಲಿಲ್ಲ. ಅತ್ತೆ ಅರ್ಧ ಕುಡಿದು ಲೋಟ ನನ್ನ ಕಡೆ ಚಾಚಿದರು. ಕೆನೆ ಸಮೇತ ಕುಡಿದೆ.